ಮೂಗಿನ ಮೇಸ್ತ್ರಿ

ಮೂಗಿನ ಮೇಸ್ತ್ರಿ ಕೂತು ಊಟ ಮಾಡಿದ್ದನ್ನು ಕಂಡವರು ಕಡಿಮೆ. ಊಟದ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು, ಹೊಸ ರಸ್ತೆಯ ಅಂಚಿನುದ್ದಕ್ಕೂ ಅತ್ತಿಂದಿತ್ತ ನಡೆಯುತ್ತಲೇ ನಾಲ್ಕು ತುತ್ತು ನುಂಗುತ್ತಿದ್ದ. ಐದನೆಯದು ಕೈಯಲ್ಲಿರುವಾಗಲೇ ಯಾರನ್ನೋ ಬೈಯುವುದಕ್ಕೆ ಓಡುತ್ತಿದ್ದ. ಮನೆಯಲ್ಲೂ ಅಷ್ಟೇ. ಹೆಂಡತಿ ಕುರ್ಚಿ ಎಳೆದು ಹಾಕಿದರೆ ಅದರ ಬೆನ್ನು ಹಿಡಿದುಕೊಂಡು ನಿಲ್ಲುತ್ತಿದ್ದನೇ ಹೊರತು ಕೂರುತ್ತಿರಲಿಲ್ಲ. "ಕುರ್ಚಿ ಕಚ್ಚಲ್ಲ, ಕೂತ್ಕೊಳ್ಳಿ" ಎಂದು ಅವಳು ಇಪ್ಪತ್ತೈದು ವರ್ಷ ಹೇಳಿದಳು. ಅವನು ಇಪ್ಪತ್ತೈದು ವರ್ಷ "ಕೂರ್ತೀನಿ, ಇರು" ಎಂದ. ಹೋದ ತಿಂಗಳು, ಐವತ್ತಾರನೆಯ ವಯಸ್ಸಿನಲ್ಲಿ, ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದವನು ಹಾಗೇ ಕುಸಿದು ತೀರಿಕೊಂಡ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಮೂವತ್ತು ವರ್ಷ ಕುಡಿದ ಡಾಂಬರಿನ ಹೊಗೆಯ ಪಾಲು ಅದರಲ್ಲಿ ಎಷ್ಟು ಎಂದು ಯಾರೂ ಬರೆದುಕೊಡಲಿಲ್ಲ. ಬರೆದುಕೊಡಲು ಸಾಧ್ಯವೂ ಇರಲಿಲ್ಲವೇನೋ. ಅವನು ಆ ಹೊಗೆಯ ಜೊತೆ ಹೇಗೆ ಬದುಕಿದ, ಕೊನೆಯ ಐದು ವರ್ಷ ಅದರ ಮೇಲೆ ಹೇಗೆ ತಿರುಗಿಬಿದ್ದ ಎಂಬುದನ್ನು ಮಾತ್ರ ಬಲ್ಲವರು ಹೇಳಬಹುದು.

ಅವನದು ಡಾಂಬರು ಹಾಕುವ ಗ್ಯಾಂಗು. ಊರಾಚೆಯ ಪ್ಲಾಂಟಿನಲ್ಲಿ ಜಲ್ಲಿಯನ್ನೂ ಜಲ್ಲಿಪುಡಿಯನ್ನೂ ಕಾಯಿಸಿ, ಕಾದ ಡಾಂಬರು ಬೆರೆಸಿ ಲಾರಿಗೆ ತುಂಬುತ್ತಾರೆ. ಕೆಲಸದವರ ಬಾಯಲ್ಲಿ ಅದು ಮಾಲು. ಮಾಲು ಮುಕ್ಕಾಲು ಗಂಟೆ ದಾರಿ ಸವೆಸಿ ಬಂದು ಪೇವರ್ ಎಂಬ ಯಂತ್ರದ ತೊಟ್ಟಿಗೆ ಬೀಳುತ್ತದೆ. ಪೇವರ್ ಅದನ್ನು ಹಾಸಿಗೆ ಹಾಸಿದ ಹಾಗೆ ಸಮನಾಗಿ ಹಾಸುತ್ತ ಮುಂದೆ ಹೋಗುತ್ತದೆ. ಹಿಂದಿನಿಂದ ರೋಲರ್ ಬಂದು ತುಳಿಯುತ್ತದೆ. ಮಾಲು ತಣ್ಣಗಾಗಿದ್ದರೆ ರೋಲರಿಗೆ ಬಗ್ಗದೆ ಮೊದಲ ಮಳೆಗೇ ಕಿತ್ತು ಬರುತ್ತದೆ. ಮಿತಿಮೀರಿ ಕಾದಿದ್ದರೆ ಡಾಂಬರು ಸುಟ್ಟು, ಅಂಟು ಕಳೆದುಕೊಂಡು, ವರ್ಷ ತುಂಬುವುದರೊಳಗೆ ರಸ್ತೆ ಬಿರುಕು ಬಿಡುತ್ತದೆ. ಯಾವ ಲೋಡು ಇಳಿಸಬೇಕು, ಯಾವುದನ್ನು ವಾಪಸು ಕಳಿಸಬೇಕು ಎಂದು ಹೇಳುವವನು ಮೇಸ್ತ್ರಿ. ಬೇರೆಯ ಮೇಸ್ತ್ರಿಗಳು ಹೊಗೆ ನೋಡಿ ಹೇಳುತ್ತಿದ್ದರು. ಇವನು ಸಲಿಕೆಯಲ್ಲಿ ಒಂದು ಹಿಡಿ ಮಾಲು ಎತ್ತಿ, ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ನೂರ ಐವತ್ತೈದು" ಎನ್ನುತ್ತಿದ್ದ. ಹಾಗೆ ಹೇಳಿದ ಒಂದು ಲೋಡಿಗೆ ಹಿಂದೊಮ್ಮೆ ಇಂಜಿನಿಯರ್ ಒಬ್ಬರು ಉಷ್ಣಮಾಪಕ ಚುಚ್ಚಿ ನೋಡಿದಾಗ ನೂರ ಐವತ್ತೇಳು ಡಿಗ್ರಿ ಬಂತಂತೆ. ಅವತ್ತಿನಿಂದ ಅವನಿಗೆ ಆ ಹೆಸರು ಅಂಟಿತು. ಉಷ್ಣಮಾಪಕ ಪೆಟ್ಟಿಗೆಯ ತಳ ಸೇರಿತು.

ಹೊಗೆ ಎಂದರೆ ಆ ಗ್ಯಾಂಗಿನಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ. ಲಾರಿಯ ಬೆನ್ನೆತ್ತಿದಾಗ ನೀಲಿ ಹೊಗೆ ಎದ್ದರೆ ಖುಷಿಯೇ. ಮಾಲು ಬೆಣ್ಣೆಯ ಹಾಗೆ ಹರಡುತ್ತದೆ, ಕೈಗೆ ನೋವಿಲ್ಲ. ಮಾಲು ಅಂಟಬಾರದೆಂದು ಸಲಿಕೆಗೂ ಲಾರಿಯ ತಳಕ್ಕೂ ಡೀಸೆಲ್ ಬಳಿಯುತ್ತಿದ್ದರು. ಬಿಸಿ ಮಾಲು ಬಿದ್ದ ಕೂಡಲೇ ಅದರದ್ದೇ ಇನ್ನೊಂದು ಹೊಗೆ. ಸಂಜೆ ಹಣೆಯ ಎರಡೂ ಕಡೆ ಬಡಿಯುವ ತಲೆನೋವನ್ನೂ, ಸ್ನಾನ ಮಾಡಿದರೂ ಬಿಡದ ಗಂಟಲ ಕೆರೆತವನ್ನೂ ಅವರು ಬೂಟಿನೊಳಗಿನ ಬೆವರಿನ ಹಾಗೆ ಕೆಲಸದ ಜೊತೆ ಬಂದದ್ದೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೇಸ್ತ್ರಿಯ ತಂಗಿಯೂ ಅದೇ ಗ್ಯಾಂಗಿನಲ್ಲಿದ್ದಳು. ಅವನಿಗಿಂತ ಎಂಟು ವರ್ಷ ಚಿಕ್ಕವಳು. ಮದುವೆ ಬೇಡವೆಂದು ಹಟ ಹಿಡಿದು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ಉಳಿದವಳು. ಪೇವರಿನ ಹಿಂಭಾಗದ ಹಲಗೆಯ ಮೇಲೆ ನಿಂತು, ಮಾಲು ಎಷ್ಟು ದಪ್ಪ ಬೀಳಬೇಕೆಂದು ಹಿಡಿಕೆ ತಿರುಗಿಸುವುದು ಅವಳ ಕೆಲಸ. ಯಂತ್ರದ ಬಿಸಿಯುಸಿರೆಲ್ಲ ಮೇಲೇಳುವುದು ಆ ಜಾಗದಲ್ಲೇ. ಅವಳ ಕೈಯಳತೆ ಎಷ್ಟು ಖಚಿತವೆಂದರೆ ಇಂಜಿನಿಯರುಗಳು ಪಟ್ಟಿ ಹಿಡಿದು ಅಳೆದು, ಸುಮ್ಮನೆ ಪಟ್ಟಿ ಮಡಚಿಕೊಂಡು ಹೋಗುತ್ತಿದ್ದರು. ಬಾಯಿಯೂ ಅಷ್ಟೇ ಖಚಿತ. "ನಮ್ಮಣ್ಣನ ಮೂಗು ದೊಡ್ಡದು, ತಲೆಗೆ ಜಾಗ ಸಾಲ್ಲಿಲ್ಲ" ಎಂದು ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಮೂಗಿನ ಬಗ್ಗೆ ಯಾರು ಏನು ಅಂದರೂ ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಆರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ದಿನದ ಮೊದಲ ಲೋಡು ಬಂತು. ಅವನು ಎಂದಿನಂತೆ ಸಲಿಕೆ ಎತ್ತಿ ಕಣ್ಣು ಮುಚ್ಚಿ ಉಸಿರೆಳೆದ. ಏನೂ ಬರಲಿಲ್ಲ. ಮತ್ತೊಮ್ಮೆ ಎಳೆದ. ಕಲ್ಲು ಮೂಸಿದ ಹಾಗಿತ್ತು.

"ಇದು ಸತ್ತ ಮಾಲು. ಪೂರ್ತಿ ತಣ್ಣಗಾಗಿದೆ. ವಾಪಸ್ ಒಯ್ಯಿ" ಎಂದ.

ಲಾರಿಯ ಡ್ರೈವರ್ ಬಾಯಿ ತೆರೆದು ನಿಂತ. ಮೇಸ್ತ್ರಿಯ ಗಲ್ಲದ ಕೆಳಗೇ ಸಲಿಕೆಯಿಂದ ಹೊಗೆ ಏಳುತ್ತಿತ್ತು. ರೋಲರ್ ಓಡಿಸುವವನು ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯ. ಎಲ್ಲರೂ ಅವನನ್ನು ರೋಲರ್ ಮಾವ ಎಂದೇ ಕರೆಯುತ್ತಿದ್ದರು. ಅವನು ಇಳಿದು ಬಂದು ಸಲಿಕೆಯ ಮೇಲೆ ಉಗಿದ. ಉಗುಳು ಚುರ್ ಎಂದು ಪುಟಿದು ಆರಿಹೋಯಿತು.

"ಇದು ತಣ್ಣಗಿದ್ರೆ ನಮ್ಮನೆ ಒಲೆಗೆ ಶೀತ ಆಗಿರ್ಬೇಕು" ಎಂದ ರೋಲರ್ ಮಾವ.

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಅವನಿಗೆ ಮಾತು ಹೇಗೋ ಒದಗಿತು. "ನಿದ್ದೆಗಣ್ಣಲ್ಲಿ ಬಂದಿದ್ದೀರಾ ಎಚ್ಚರ ಇದ್ದೀರಾ ಅಂತ ನೋಡ್ದೆ. ಇಳಿಸಿ, ಇಳಿಸಿ" ಎಂದ. ನಗು ಎದ್ದಿತು. ಕೆಲಸ ಶುರುವಾಯಿತು. ಹಲಗೆಯ ಮೇಲಿದ್ದ ತಂಗಿ ಮಾತ್ರ ನಗಲಿಲ್ಲ ಎಂಬುದನ್ನು ಅವನು ಗಮನಿಸಲಿಲ್ಲ.

ಆ ವಾರ ಅವನು ಮನೆಯಲ್ಲಿ ಕಳ್ಳನ ಹಾಗೆ ಓಡಾಡಿದ. ಹೆಂಡತಿ ಬಟ್ಟೆ ಒಗೆಯಲು ಹೋದಾಗ ಸೋಪಿನ ಹೊದಿಕೆ ಬಿಚ್ಚಿ ಮೂಸಿದ. ಬೆಂಕಿಕಡ್ಡಿ ಗೀರಿ ಆರಿಸಿ ಮೂಗಿಗೆ ಹಿಡಿದ. ಈರುಳ್ಳಿ ಕತ್ತರಿಸಿ ಹಿಡಿದ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಅಡುಗೆ ಕಲೀತಿದ್ದೀರಾ, ಅಳ್ತಿದ್ದೀರಾ?" ಎಂದು ಕೇಳಿದಳು. "ಎರಡೂ" ಎಂದು ಹೊರಗೆ ಹೋದವನು ಬೀದಿಯ ಕೊನೆಯವರೆಗೆ ಹೋಗಿ ವಾಪಸು ಬಂದು, ಮತ್ತೆ ಹೋದ. ನೆಗಡಿಯಿರಬಹುದು, ಹೋಗಿಬಿಡುತ್ತದೆ ಎಂದುಕೊಂಡ. ಒಂದು ತಿಂಗಳಾದರೂ ಹೋಗಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಮಾತು ಬಾಯಿಂದ ಬಾಯಿಗೆ ಹೋಗಿ ಸೈಟು ಮುಟ್ಟುತ್ತದೆ, ಆಮೇಲೆ ಅವನು ಲೋಡು ವಾಪಸು ಕಳಿಸಿದರೆ ಯಾವ ಡ್ರೈವರ್ ಹೋಗುತ್ತಾನೆ? ಮೂಗಿಲ್ಲದ ಮೂಗಿನ ಮೇಸ್ತ್ರಿ ಏನೂ ಅಲ್ಲ. ಬರೀ ಬೈಯುವ ಒಬ್ಬ ಮುದುಕ.

ಪೆಟ್ಟಿಗೆಯ ತಳದಿಂದ ಉಷ್ಣಮಾಪಕ ತೆಗೆಯಬಹುದಿತ್ತು. ತೆಗೆದ ಕ್ಷಣವೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕೆ ಅವನು ಬೇರೆ ದಾರಿ ಹಿಡಿದ. ಸಲಿಕೆ ಎತ್ತುತ್ತಿದ್ದ, ಉಸಿರೆಳೆಯುತ್ತಿದ್ದ, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ಮೊದಲ ಸಲಿಕೆ ಮಾಲು ತೊಟ್ಟಿಗೆ ಬಿದ್ದಾಗ ಹಲಗೆಯ ಮೇಲಿನ ತಂಗಿಯ ಮುಖ ನೋಡುತ್ತಿದ್ದ. ಅವಳು ಸುಮ್ಮನಿದ್ದರೆ ನೂರ ನಲವತ್ತು. ಕಣ್ಣು ಕಿರಿದು ಮಾಡಿದರೆ ನೂರ ಐವತ್ತೈದು. ಮುಖ ಪಕ್ಕಕ್ಕೆ ತಿರುಗಿಸಿದರೆ ನೂರ ಅರವತ್ತು ದಾಟಿದೆ. ಎರಡು ಸಲ ಕೆಮ್ಮಿದರೆ ನೂರ ಎಪ್ಪತ್ತೈದು, ಲೋಡು ವಾಪಸು. ಹದಿನೆಂಟು ವರ್ಷ ಜೊತೆಗೆ ದುಡಿದವಳ ಮುಖ ಅವನಿಗೆ ಅಂಗೈಯಷ್ಟು ಪರಿಚಿತ. ಲೆಕ್ಕ ತಪ್ಪಲಿಲ್ಲ. ಮೂಗಿನ ಮೇಸ್ತ್ರಿಯ ಹೆಸರು ಉಳಿಯಿತು.

ಹಾಗೆ ಎಂಟು ತಿಂಗಳು ನಡೆಯಿತು. ಆ ಎಂಟು ತಿಂಗಳಲ್ಲಿ ಅವನು ಒಂದು ದಿನವೂ ನೆಮ್ಮದಿಯಾಗಿ ನಿದ್ದೆ ಮಾಡಿದ್ದನ್ನು ಹೆಂಡತಿ ನೋಡಲಿಲ್ಲ. ಹೊರಳುತ್ತಿದ್ದ, ಏಳುತ್ತಿದ್ದ, ನೀರು ಕುಡಿಯುತ್ತಿದ್ದ, ತಂಗಿಯ ಕೋಣೆಯ ಬಾಗಿಲ ಬಳಿ ಹೋಗಿ ಕಿವಿಗೊಟ್ಟು ಬರುತ್ತಿದ್ದ. ಒಳಗಿಂದ ಕೆಮ್ಮು ಕೇಳಿಸುತ್ತಿತ್ತು. ಲೋಡು ಇಲ್ಲದ ಹೊತ್ತಿನಲ್ಲೂ ಅವಳು ಕೆಮ್ಮಲು ಶುರುಮಾಡಿದ್ದಳು.

ಆಗ ಅವನ ಲೆಕ್ಕ ತಪ್ಪತೊಡಗಿತು. ನೂರ ನಲವತ್ತರ ಮಾಲಿಗೂ ಅವಳು ಕೆಮ್ಮುತ್ತಿದ್ದಳು. ಅವನು ವಾಪಸು ಕಳಿಸುತ್ತಿದ್ದ. ಒಂದೇ ವಾರದಲ್ಲಿ ಒಳ್ಳೆಯ ಲೋಡುಗಳು ಮೂರು ವಾಪಸು ಹೋದವು. ಒಬ್ಬ ಡ್ರೈವರ್ ಬಾಗಿಲನ್ನು ಧಡಾರನೆ ಹಾಕಿ, "ಮೇಸ್ತ್ರಿಗೆ ವಯಸ್ಸಾಯ್ತು, ಮೂಗೂ ಮುದಿಯಾಯ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿಹೋದ. ಗ್ಯಾಂಗಿನವರು ಅವನ ಪರವಾಗಿ ಒಂದು ಮಾತೂ ಆಡಲಿಲ್ಲ ಎಂಬುದು ಅವನಿಗೆ ಇನ್ನೂ ಹೆಚ್ಚು ಚುಚ್ಚಿತು.

ಮಾರನೆಯ ದಿನ ತಂಗಿ ಮೂಗು ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದಳು.

"ಏನಿದು ವೇಷ?" ಎಂದ ಅವನು.

"ಧೂಳು ಅಣ್ಣ. ಕಣ್ಣುರಿ."

"ತೆಗಿ. ಮುಖ ಕಾಣಲ್ಲ."

"ನನ್ನ ಮುಖ ಕಂಡು ನಿಂಗೇನಾಗ್ಬೇಕು? ಹೆಣ್ಣು ನೋಡೋಕೆ ಬಂದಿದ್ದೀಯಾ?" ಎಂದಳು. ಸುತ್ತಲಿನವರು ನಕ್ಕರು. ಅವನು ಸಲಿಕೆ ಎತ್ತಿಕೊಂಡು ಅತ್ತ ಹೋದ.

ಅವತ್ತಿನ ಕೆಲಸ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಎರಡೂ ಕಡೆ ಮೂರು ಮಹಡಿಯ ಗೋಡೆಗಳು. ಗಾಳಿ ಎಲೆ ಅಲುಗಿಸುವಷ್ಟೂ ಇರಲಿಲ್ಲ. ಮೂರನೆಯ ಲೋಡು ಬಂತು. ಅವನು ಸಲಿಕೆ ಎತ್ತಿದ, ಉಸಿರೆಳೆದ, ಹಲಗೆಯ ಕಡೆ ನೋಡಿದ. ಕಪ್ಪು ಗಾಜು, ಬಟ್ಟೆ. ಅವಳು ಕೆಮ್ಮಲಿಲ್ಲ, ತಿರುಗಲಿಲ್ಲ, ಕಂಬದ ಹಾಗೆ ನಿಂತಿದ್ದಳು. ಲಾರಿಯ ಮೇಲೆ ನೀಲಿ ಹೊಗೆ ದಟ್ಟವಾಗಿ ನಿಂತಿತ್ತು. ಅದನ್ನು ಗ್ಯಾಂಗಿನವರೆಲ್ಲ ನೋಡಿದರು, ಅವನೂ ನೋಡಿದ. ಆದರೆ ಹೊಗೆ ಎಂದರೆ ಒಳ್ಳೆಯ ಮಾಲು ಎಂದು ತಿಳಿದವರು ಅವರು. ಮೇಲಾಗಿ ಮೂಗಿನ ಮೇಸ್ತ್ರಿ ಅಲ್ಲೇ ನಿಂತಿದ್ದಾನೆ. ಡ್ರೈವರ್ ಹಾರ್ನ್ ಹೊಡೆದ. ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು.

"ಇಳಿಸಿ" ಎಂದ ಮೇಸ್ತ್ರಿ.

ಅರ್ಧ ಲೋಡು ಹಾಸುವಷ್ಟರಲ್ಲಿ ತಂಗಿ ಹಿಡಿಕೆಯ ಮೇಲೆ ತಲೆಯಿಟ್ಟಳು. ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡರು. ಆಮೇಲೆ ಮೊಣಕಾಲು ಮಡಚಿತು. ಬಿಸಿ ಮಾಲಿನ ಮೇಲೆ ಬೀಳುವ ಮೊದಲು ಹೇಗೋ ರೋಲರ್ ಮಾವ ಓಡಿಬಂದು ತೋಳು ಹಿಡಿದು ಎಳೆದ. ಬಟ್ಟೆ ಬಿಚ್ಚಿದಾಗ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯ ಮೊಗಸಾಲೆಯ ಉದ್ದ ಎಪ್ಪತ್ತು ಹೆಜ್ಜೆ. ಅವನು ಅದನ್ನು ಎಷ್ಟು ಸಲ ಅಳೆದನೋ. ಬೂಟಿನಡಿ ಅಂಟಿದ್ದ ಡಾಂಬರು ತೊಳೆದ ನೆಲದ ಮೇಲೆ ಕಪ್ಪು ಚುಕ್ಕೆ ಇಡುತ್ತ ಹೋಯಿತು. ನೆಲ ಒರೆಸುವವಳು "ಒಂದ್ಕಡೆ ನಿಂತ್ಕೊಳ್ರೀ" ಎಂದು ಗದರಿದಳು. ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮತ್ತೆ ನಡೆದ. ಡಾಕ್ಟರು ಹೊರಬಂದು, ಉಸಿರಿನ ದಾರಿ ಊದಿಕೊಂಡಿದೆ ಎಂದರು. ಬಹಳ ಹೊತ್ತು ಹೊಗೆಯಲ್ಲೇ ಉಸಿರಾಡಿದ್ದಾಳೆ, ಬಿಸಿಲೂ ಸೇರಿದೆ. ಪ್ರಾಣಕ್ಕೆ ಸದ್ಯ ಭಯವಿಲ್ಲ, ಆದರೆ ಇನ್ನೊಮ್ಮೆ ಹೀಗಾದರೆ ಏನೂ ಹೇಳಲಾಗದು ಎಂದರು. ಅವನು ತನ್ನ ಮೂಗಿನ ವಿಷಯ ಮೊದಲ ಬಾರಿಗೆ ಬಾಯಿಬಿಟ್ಟಿದ್ದು ಅಲ್ಲಿ, ಆ ಅಪರಿಚಿತ ಡಾಕ್ಟರ ಮುಂದೆ. "ಅದೇ ಹೊಗೆಯಿಂದಲೂ ಆಗಿರಬಹುದು, ಬೇರೆ ಕಾರಣವೂ ಇರಬಹುದು. ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು ಅವರು.

ಒಳಗೆ ತಂಗಿ ಮೂಗಿಗೆ ನಳಿಗೆ ಹಾಕಿಕೊಂಡು ಒರಗಿ ಕೂತಿದ್ದಳು. ಅವನು ಮಂಚದ ಈ ಬದಿಗೆ ಬಂದ, ಆ ಬದಿಗೆ ಹೋದ.

"ತಲೆ ಸುತ್ತುತ್ತೆ ಅಣ್ಣ, ಒಂದ್ಕಡೆ ನಿಲ್ಲು."

ನಿಂತ. "ನಿಂಗೊಂದು ವಿಷಯ ಹೇಳ್ಬೇಕು."

"ಮೂಗು ಹೋಗಿದೆ. ಅದೇ ತಾನೆ?"

ಅವನು ಮಂಚದ ಕಂಬಿ ಹಿಡಿದುಕೊಂಡ.

"ಮಾವ ಸಲಿಕೆ ಮೇಲೆ ಉಗಿದ ದಿನಾನೇ ಗೊತ್ತಾಯ್ತು" ಎಂದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿದ್ದಳು. "ನನ್ನ ಮುಖ ನೋಡಿ ಹೇಳ್ತಿದ್ದೆ ಅಂತಾನೂ ಗೊತ್ತು. ಮೊದಮೊದಲು ನಾನೇ ನಿಂಗೋಸ್ಕರ ಸರಿಯಾಗಿ ಮುಖ ಮಾಡ್ತಿದ್ದೆ. ಆಮೇಲೆ ಈ ಹಾಳು ಕೆಮ್ಮು ನನ್ನ ಕೈಲಿರ್ಲಿಲ್ಲ. ನೀನು ಒಳ್ಳೇ ಲೋಡೆಲ್ಲ ವಾಪಸ್ ಕಳಿಸೋಕೆ ಶುರು ಮಾಡ್ದೆ. ಆ ಡ್ರೈವರ್ ಅಂದಿದ್ದು ಕೇಳಿಸ್ಕೊಂಡೆ. ಮುಖ ಮುಚ್ಕೊಂಡ್ರೆ ನೀನು ಸುಮ್ನೆ ಇಳಿಸ್ತೀಯ, ಹೆಸರು ಉಳಿಯುತ್ತೆ ಅಂದ್ಕೊಂಡೆ."

"ಹೆಸರು ಉಳಿಸೋಕೆ ಸಾಯ್ತಿದ್ದೆಯಲ್ಲೇ."

"ನೀನು ಎಂಟು ತಿಂಗಳು ಇನ್ನೇನು ಮಾಡ್ದೆ?" ಎಂದಳು ಅವಳು. ಸಿಟ್ಟಿರಲಿಲ್ಲ. ಕೇಳಿದ್ದಷ್ಟೇ.

ಹೆಸರು ಉಳಿಸಿಕೊಳ್ಳಲು ಅವನು ತಂಗಿಯ ಕೆಮ್ಮನ್ನು ಕಾಯುತ್ತಿದ್ದ. ಅವಳು ಕೆಮ್ಮಿದ ಮೇಲೇ ಅವನಿಗೆ ತಿಳಿಯುತ್ತಿದ್ದುದು. ಅಂದರೆ ಪ್ರತಿ ಲೋಡಿನ ವಿಷವೂ ಮೊದಲು ಅವಳ ಎದೆಗೆ ಇಳಿದು, ಆಮೇಲೆ ಅವನಿಗೆ ಸುದ್ದಿ ಬರುತ್ತಿತ್ತು. ಇದನ್ನು ಅವನು ಎಂಟು ತಿಂಗಳು ಜಾಣತನ ಎಂದುಕೊಂಡಿದ್ದ. ಮೊಗಸಾಲೆಯಲ್ಲಿ ಅವನು ಅವತ್ತು ಕತ್ತಲಾಗುವವರೆಗೂ ನಡೆದ. ಅವಳಿಗೆ ವಾಸಿಯಾದ ಮೇಲೆ ಈ ಕೆಲಸ ಬಿಡು ಎಂದರೆ ಬಿಡುವವಳಲ್ಲ, ಅದು ಅವನಿಗೆ ಗೊತ್ತಿತ್ತು. ಹಾಗಾದರೆ ಅವಳು ವಾಪಸು ಬರುವಷ್ಟರಲ್ಲಿ ಮಾಲು ಬದಲಾಗಬೇಕು. ಮಾಲು ಬದಲಾಗಬೇಕಾದರೆ ಅವನು ಗ್ಯಾಂಗಿನ ಮುಂದೆ ನಿಂತು ನಿಜ ಹೇಳಬೇಕು. ಹೇಳಿದ ಮೇಲೆ ಅವನ ಮಾತನ್ನು ಯಾರಾದರೂ ಕೇಳುತ್ತಾರೆಯೇ? ಆ ಪ್ರಶ್ನೆಗೆ ಎಪ್ಪತ್ತು ಹೆಜ್ಜೆಯ ಯಾವ ತುದಿಯಲ್ಲೂ ಉತ್ತರ ಸಿಗಲಿಲ್ಲ.

ಮರುದಿನ ಬೆಳಿಗ್ಗೆ, ಲಾರಿ ಬರುವ ಮೊದಲು, ಅವನು ಎಲ್ಲರನ್ನೂ ಪೇವರಿನ ಸುತ್ತ ಸೇರಿಸಿದ.

"ನನಗೆ ವಾಸನೆ ಬರಲ್ಲ. ಎಂಟು ತಿಂಗಳಾಯ್ತು. ನಿನ್ನೆ ಆ ಲೋಡು ಇಳಿಸಿ ಅಂದಿದ್ದು ಸುಮ್ಮನೆ ಅಂದಿದ್ದು" ಎಂದ.

ಸಲಿಕೆಯವನೊಬ್ಬ ಕೆಳಗೆ ನೋಡಿದ. ಕೊನೆಗೆ ರೋಲರ್ ಮಾವ, "ಅಂತೂ ಎಂಟು ತಿಂಗಳು ನಾವು ಒಂದು ಖಾಲಿ ಮೂಗಿಗೆ ಹೆದರ್ಕೊಂಡಿದ್ವಿ" ಎಂದ. ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಮೇಸ್ತ್ರಿ ಅಲ್ಲಿಂದ ನೇರವಾಗಿ ಇಂಜಿನಿಯರಮ್ಮನ ಹತ್ತಿರ ಹೋದ.

ಇಂಜಿನಿಯರಮ್ಮ ಆ ಕೆಲಸಕ್ಕೆ ಬಂದು ವರ್ಷವಾಗಿತ್ತು. ಡಾಂಬರಿಗೆ ಒಂದು ಬಗೆಯ ಮೇಣ ಬೆರೆಸಿದರೆ ಮೂವತ್ತು ಡಿಗ್ರಿ ಕಡಿಮೆ ಕಾಯಿಸಿದರೂ ಮಾಲು ಹರಡುತ್ತದೆ, ಶಾಖ ಕಡಿಮೆಯಾದಷ್ಟೂ ಹೊಗೆ ಕಡಿಮೆ ಎಂದು ಅವಳು ಆರು ತಿಂಗಳ ಹಿಂದೆಯೇ ಹೇಳಿದ್ದಳು. ಆಗ ಇದೇ ಮೇಸ್ತ್ರಿ, "ಮೇಣದಬತ್ತಿ ಹಚ್ಚೋಕೆ ಬಂದಿಲ್ಲ ಅಮ್ಮ ನಾವು, ನನ್ನ ಮೂಗು ಅದನ್ನ ಒಪ್ಪಲ್ಲ" ಎಂದು ಎಲ್ಲರ ಮುಂದೆ ನಗೆಪಾಟಲು ಮಾಡಿದ್ದ. ಈಗ ಅವಳ ಆಫೀಸಿನ ಬಾಗಿಲಲ್ಲಿ ನಿಂತು ಟೊಪ್ಪಿಗೆ ಕೈಗೆ ತೆಗೆದುಕೊಂಡ.

"ನಿಮ್ಮ ಮೇಣದ ಮಾಲು ತರಿಸೋಕಾಗುತ್ತಾ?"

"ನಿಮ್ಮ ಮೂಗು ಒಪ್ಪುತ್ತಾ?"

"ಮೂಗು ತೀರ್ಕೊಂಡಿದೆ. ನಾನು ಒಪ್ತೀನಿ."

ಅವಳು ನಗಲಿಲ್ಲ. ಕುರ್ಚಿ ತೋರಿಸಿದಳು. ಅವನು ನಿಂತೇ ಇದ್ದ. ಒಂದು ಗಂಟೆ ಮಾತಾಡಿದರು. ಪ್ಲಾಂಟಿನವರು ಅತಿಯಾಗಿ ಕಾಯಿಸುವುದು ಏಕೆ ಎಂದು ಅವಳು ಕೇಳಿದಳು. ದಾರಿಯಲ್ಲಿ ಮಾಲು ತೆರೆದ ಲಾರಿಯಲ್ಲಿ ಆರಿಹೋಗುತ್ತದೆ, ಅದಕ್ಕೆ ಎಂದ ಅವನು. ಹಾಗಿದ್ದರೆ ಲಾರಿಗೆ ತಾರ್ಪಾಲು ಬಿಗಿದು ಕಟ್ಟಬೇಕು, ಆರದಿದ್ದರೆ ಹೆಚ್ಚು ಕಾಯಿಸುವ ನೆಪ ಉಳಿಯುವುದಿಲ್ಲ ಎಂಬುದು ಅವಳ ಮಾತು. ಡೀಸೆಲ್ ಬಳಿಯುವುದು ನಿಲ್ಲಬೇಕು ಎಂದಳು. ಸೋಪಿನ ನೀರು ಆಗುತ್ತದೆಯೇ ಎಂದು ಇವನು ಕೇಳಿದ. ಪೇವರಿನ ಹಿಂಬದಿಗೆ ತಗಡಿನ ಗೂಡು ಕಟ್ಟಿ, ಫ್ಯಾನು ಇಟ್ಟು ಹೊಗೆಯನ್ನು ಕೊಳವೆಯಲ್ಲಿ ತಲೆಯ ಮೇಲಕ್ಕೆ ಬಿಡಬಹುದು ಎಂಬುದು ಅವನದೇ ಯೋಚನೆ. ಮೂವತ್ತು ವರ್ಷದಿಂದ ತಿಳಿದಿದ್ದೂ ಯಾರೂ ಕೇಳದಿದ್ದ ಮಾತುಗಳು ಅವನ ಬಾಯಿಂದ ಒಂದರ ಹಿಂದೊಂದು ಬಂದವು. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾರು ಯಾವ ಕಡೆ ನಿಲ್ಲಬೇಕು, ಹಲಗೆಯ ಮೇಲೆ ಒಬ್ಬರೇ ದಿನವಿಡೀ ನಿಲ್ಲದೆ ಗಂಟೆಗೊಬ್ಬರು ಬದಲಾಗಬೇಕು, ಎಲ್ಲ.

ಹತ್ತು ದಿನ ಬಿಟ್ಟು ಪ್ರಯೋಗ. ಅದೇ ಇಕ್ಕಟ್ಟು ಬೀದಿ. ಸುಟ್ಟ ಮಾಲನ್ನು ಕಿತ್ತು ಹೊಸದಾಗಿ ಹಾಸಬೇಕಿತ್ತು. ಮೊದಲ ಲಾರಿ ತಾರ್ಪಾಲು ಹೊದ್ದು ಬಂತು. ಮೇಸ್ತ್ರಿ ಉದ್ದ ಕಡ್ಡಿಯ ಉಷ್ಣಮಾಪಕ ಚುಚ್ಚಿದ. ಮುಳ್ಳು ನೂರ ಎಪ್ಪತ್ತೆರಡಕ್ಕೆ ಹೋಗಿ ನಿಂತಿತು. ಪ್ಲಾಂಟಿನವನು ಮೇಣ ಬೆರೆಸಿದ್ದ, ಆದರೆ ಅಭ್ಯಾಸಬಲದಿಂದ ಕಾಯಿಸಿದ್ದು ಮಾತ್ರ ಹಳೆಯ ಹಾಗೆಯೇ.

"ವಾಪಸ್" ಎಂದ.

ಡ್ರೈವರ್ ಅವತ್ತು ಬಾಗಿಲು ಧಡಾರನೆ ಹಾಕಿ ಹೋದವನೇ. "ಮೂಗಲ್ಲಿ ನೋಡಿ ಹೇಳಿ ಮೇಸ್ತ್ರಿ, ಕಡ್ಡಿ ನಂಬಲ್ಲ ನಾನು" ಎಂದ.

"ನನ್ನ ಮೂಗು ನಂಬಿ ಒಬ್ಬಳು ಆಸ್ಪತ್ರೇಲಿದ್ದಾಳೆ. ಕಡ್ಡಿ ಹೇಳಿದ್ದು ಕೇಳು. ವಾಪಸ್ ಹೋಗು."

ಡ್ರೈವರ್ ಲಾರಿ ತಿರುಗಿಸಿದ. ಅವನು ಹೋದದ್ದು ನೋಡಿ ಮೇಸ್ತ್ರಿಗೇ ಆಶ್ಚರ್ಯವಾಯಿತು.

ಎರಡನೆಯ ಲೋಡಿಗೆ ಮುಳ್ಳು ನೂರ ಮೂವತ್ತೆರಡರಲ್ಲಿ ನಿಂತಿತು. ತಾರ್ಪಾಲು ತೆಗೆದರೆ ಹೊಗೆಯೇ ಇಲ್ಲ. ಸ್ವಲ್ಪ ಆವಿಯಂಥದ್ದು ಎದ್ದು ಕರಗಿತು. ಮೇಸ್ತ್ರಿ ಇಳಿಸಿ ಎಂದ. ಗ್ಯಾಂಗಿನವರು ಕದಲಲಿಲ್ಲ. ಕಪ್ಪಗೆ, ಮಂಕಾಗಿ ಕೂತಿದ್ದ ಆ ಮಾಲನ್ನು ಅವರು ಹೆಣ ನೋಡುವ ಹಾಗೆ ನೋಡುತ್ತಿದ್ದರು.

"ಇದು ತುಳಿಸಿಕೊಳ್ಳಲ್ಲ ಮೇಸ್ತ್ರಿ" ಎಂದ ಸಲಿಕೆಯವನೊಬ್ಬ. "ಮಳೆಗೆ ಎದ್ದು ಬಂದ್ರೆ ನಾವೇ ಕಿತ್ತು ಹಾಕ್ಬೇಕು. ಹೆಸರು ನಮ್ದೇ ಕೆಡೋದು."

"ನಿನ್ನೆ ಮೊನ್ನೆವರೆಗೂ ಇದನ್ನ ಸತ್ತ ಮಾಲು ಅಂತಿದ್ದವನು ನೀನೇ ಅಲ್ವಾ?" ಎಂದ ಇನ್ನೊಬ್ಬ, ಮೇಸ್ತ್ರಿಯ ಕಡೆ ತಿರುಗಿ.

"ಅಂತಿದ್ದೆ. ತಪ್ಪು ಹೇಳ್ತಿದ್ದೆ" ಎಂದ ಮೇಸ್ತ್ರಿ.

ಅವನು ಅತ್ತಿಂದಿತ್ತ ಎರಡು ಸಲ ನಡೆದ. ಮಾಲು ಆರುತ್ತಿತ್ತು. ಇನ್ನು ಹತ್ತು ನಿಮಿಷ ಬಿಟ್ಟರೆ ಅವರು ಹೇಳಿದ್ದೇ ನಿಜವಾಗುತ್ತದೆ. ಅವನು ಪೇವರಿನ ಹಿಂದಿನ ಹಲಗೆಯ ಮೇಲೆ ಹತ್ತಿ, ತಂಗಿಯ ಹಿಡಿಕೆ ಹಿಡಿದ. ಹಿಡಿಕೆ ಅವನ ಕೈಗೆ ಹೊಸದು. ಮೊದಲ ತಿರುವೇ ತಪ್ಪಾಯಿತು.

"ಎಡಕ್ಕೆ ಕಣಯ್ಯ, ಎಡಕ್ಕೆ" ಎಂದು ರೋಲರ್ ಮಾವ ಕೂಗಿದ. ಆಮೇಲೆ ಗ್ಯಾಂಗಿನ ಕಡೆ ತಿರುಗಿ, "ಅವನು ಅಲ್ಲಿ ನಿಂತು ಡೊಂಕು ಡೊಂಕಾಗಿ ಹಾಸ್ತಾನೆ. ಅದನ್ನ ನೋಡ್ತಾ ನಿಂತ್ಕೊಳ್ತೀರಾ? ನಂಗಂತೂ ಆಗಲ್ಲ" ಎಂದು ರೋಲರ್ ಹತ್ತಿ ಪೇವರಿನ ಬೆನ್ನಿಗೇ ಬಂದ. ಸಲಿಕೆಗಳು ಒಂದೊಂದಾಗಿ ಎದ್ದವು.

ಮಾಲು ಗಟ್ಟಿಯಿತ್ತು, ಕೈಗೆ ಶ್ರಮ ಹೆಚ್ಚಾಯಿತು. ಆದರೆ ಹರಡಿತು. ರೋಲರಿಗೆ ಬಗ್ಗಿತು. ಸಂಜೆ ಸಲಿಕೆ ತೊಳೆಯುವಾಗ ಒಬ್ಬ, "ಇವತ್ತು ತಲೆನೋವಿಲ್ಲ" ಎಂದ. ಇನ್ನೊಬ್ಬ ತನ್ನ ಹಣೆ ಮುಟ್ಟಿಕೊಂಡು ನೋಡಿದ. ಮರುದಿನ ಲಾರಿ ಬಂದಾಗ ಅವರೇ ಉಷ್ಣಮಾಪಕ ತಂದುಕೊಟ್ಟರು.

ಮೇಸ್ತ್ರಿ ಆ ಸಂಜೆ ನೇರ ಆಸ್ಪತ್ರೆಗೆ ಹೋದ.

"ಎಷ್ಟಿತ್ತು?" ಎಂದಳು ತಂಗಿ.

"ನೂರ ಮೂವತ್ತೆರಡು."

"ಹಲಗೆ ಮೇಲೆ ಯಾರಿದ್ರು?"

"ನಾನೇ."

ಅವಳು ಬಹಳ ಹೊತ್ತು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಅವನು ಆ ಕೆಮ್ಮಿಗೆ ಬೆಚ್ಚಿಬಿದ್ದು ಬಾಗಿಲ ಕಡೆ ಹೊರಟ. "ನಿಲ್ಲು, ಇದು ನಗುವಿನ ಕೆಮ್ಮು" ಎಂದಳು. "ರಸ್ತೆ ಎಷ್ಟು ಡೊಂಕು?"

"ಬಂದು ನೋಡು."

ಎರಡು ಮಳೆಗಾಲ ಕಳೆದರೂ ಆ ರಸ್ತೆ ಬಿರುಕು ಬಿಡಲಿಲ್ಲ. ಡೊಂಕು ಮಾತ್ರ ಇವತ್ತಿಗೂ ಇದೆ. ತಂಗಿ ಮೂರು ತಿಂಗಳ ಮೇಲೆ ಕೆಲಸಕ್ಕೆ ಬಂದಳು. ಹಲಗೆಗೆ ಡಾಕ್ಟರು ಒಪ್ಪಲಿಲ್ಲ. ಲೋಡು ನೋಡುವ ಕೆಲಸ ಅವಳದ್ದಾಯಿತು. ಉಷ್ಣಮಾಪಕ ಅವಳ ಕೈಗೆ ಹೋಯಿತು. ಮೇಸ್ತ್ರಿ ಹೆಸರಿಗೆ ಮೇಸ್ತ್ರಿಯಾಗಿಯೇ ಉಳಿದ, ಆದರೆ ಯಾವ ಲೋಡು ಇಳಿಯಬೇಕು ಎಂಬ ಮಾತು ತಂಗಿಯದು. ಅವನು ಅದಕ್ಕೆ ಒಂದು ದಿನವೂ ಬೇಸರ ಪಟ್ಟುಕೊಂಡದ್ದು ಕಾಣಲಿಲ್ಲ. ಹೊಗೆಯ ವಿಷಯದಲ್ಲಿ ಮಾತ್ರ ಅವನಿಗೆ ಸಮಾಧಾನವೇ ಇರಲಿಲ್ಲ. ತಾರ್ಪಾಲಿನ ಒಂದು ಹಗ್ಗ ಸಡಿಲಿದ್ದರೆ ಡ್ರೈವರಿನ ಜೊತೆ ಜಗಳ. ಯಾರೋ ಮರೆಯಲ್ಲಿ ಸಲಿಕೆಗೆ ಡೀಸೆಲ್ ಬಳಿದರೆ, ವಾಸನೆ ಬರದವನು, ಸಲಿಕೆಯ ಹೊಳಪು ನೋಡಿಯೇ ಹಿಡಿಯುತ್ತಿದ್ದ. ತಗಡಿನ ಗೂಡಿನ ಫ್ಯಾನು ನಿಂತರೆ ಕೆಲಸ ನಿಲ್ಲಿಸುತ್ತಿದ್ದ. ಬೇರೆ ಗ್ಯಾಂಗುಗಳ ಸೈಟಿಗೆ ರಜೆಯ ದಿನ ಹೋಗಿ, ಕರೆಯದಿದ್ದರೂ ಹೇಳಿ, ಬೈಸಿಕೊಂಡು ಬರುತ್ತಿದ್ದ. ಎರಡು ಗ್ಯಾಂಗುಗಳು ಅವನ ಮಾತು ಕೇಳಿದವು. ಉಳಿದವು ಕೇಳಲಿಲ್ಲ. ಕೇಳದವರ ಲೆಕ್ಕವೇ ಅವನನ್ನು ಮನೆಯಲ್ಲಿ ಅಡ್ಡಾಡಿಸುತ್ತಿತ್ತು. ವಾಸನೆ ಅವನಿಗೆ ಕೊನೆಯವರೆಗೂ ತಿರುಗಿ ಬರಲಿಲ್ಲ.

ಅವನು ತೀರಿಕೊಂಡ ಒಂಬತ್ತನೆಯ ದಿನ ಗ್ಯಾಂಗು ಕೆಲಸಕ್ಕೆ ಇಳಿಯಿತು. ತಂಗಿಯೂ ಬಂದಳು. ಮನೆಯಲ್ಲಿ ಕೂತು ಏನು ಮಾಡಲಿ ಎಂದಳಂತೆ. ಹೊಸ ಪ್ಲಾಂಟು, ದಾರಿ ದೂರ, ಮೇಲ್ವಿಚಾರಕನೂ ಹೊಸಬ. ಮೊದಲ ಲಾರಿ ಬಂದಾಗ ಅವಳು ಕಡ್ಡಿ ಚುಚ್ಚಿದಳು. ನೂರ ಅರವತ್ತೆಂಟು.

"ವಾಪಸ್" ಎಂದಳು.

"ದೂರದಿಂದ ತಂದಿದ್ದೀವಮ್ಮ, ಸ್ವಲ್ಪ ಜಾಸ್ತಿ ಕಾಯಿಸಲೇಬೇಕು" ಎಂದ ಮೇಲ್ವಿಚಾರಕ. "ಮೇಸ್ತ್ರಿ ಇದ್ದಿದ್ರೆ ಅರ್ಥ ಮಾಡ್ಕೊಳ್ತಿದ್ರು."

"ಮೇಸ್ತ್ರಿ ಇಲ್ಲ" ಎಂದಳು ಅವಳು. "ತಾರ್ಪಾಲು ಎರಡು ಪದರ ಕಟ್ಟಿಸಿ, ಕಾಯಿಸೋದು ಇಳಿಸಿ. ಅಲ್ಲೀವರೆಗೂ ಇಲ್ಲಿ ಏನೂ ಇಳಿಯಲ್ಲ."

ಮೇಲ್ವಿಚಾರಕ ಗ್ಯಾಂಗಿನ ಕಡೆ ನೋಡಿದ. ಯಾರೂ ಸಲಿಕೆ ಎತ್ತಲಿಲ್ಲ. ರೋಲರ್ ಮಾವ ಇಂಜಿನ್ ಆರಿಸಿದ. ಲಾರಿ ತಿರುಗಿ ಹೋಯಿತು. ಮುಂದಿನದು ಬರಲು ಎರಡು ಗಂಟೆ ಹಿಡಿಯಿತು. ಅವತ್ತು ಬೀದಿಯ ಅರ್ಧ ಮಾತ್ರ ಮುಗಿಯಿತು.